ಒಂದು ದಿನ, ಒಂದು ದ್ವೀಪ

ಮಳೆಗಾಲ ಮುಗಿದು ಚಳಿ ಬೀಳುತ್ತಿದ್ದಂತೆ ಕಾಲೇಜುಗಳಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಏಳುತ್ತದೆ. ಆ ಮಾತು ಬಹುಮಟ್ಟಿಗೆ ಊರುಗಳ ಪಟ್ಟಿಯಿಂದ ತೊಡಗಿ ಊರುಗಳ ಪಟ್ಟಿಯಲ್ಲಿಯೇ ಮುಗಿಯುತ್ತದೆ. ಬೆಳಿಗ್ಗೆ ಒಂದು ದೇವಾಲಯ, ಮಧ್ಯಾಹ್ನ ಒಂದು ಕೋಟೆ, ಸಂಜೆಗೆ ಒಂದು ಕಡಲತೀರ, ನಡುವೆ ದಾರಿಯಲ್ಲಿ ಸಿಕ್ಕ ಜಲಪಾತ. ಪಟ್ಟಿ ಉದ್ದವಾದಷ್ಟೂ ಪ್ರವಾಸ ಸಾರ್ಥಕವೆಂಬ ನಂಬಿಕೆ ಬೇರೂರಿದೆ. ಮರಳಿ ಬಂದ ಮೇಲೆ ಬರೆದ ವರದಿಯಲ್ಲಿ ಊರುಗಳ ಹೆಸರಿನ ಹೊರತು ಮತ್ತೇನೂ ಇರುವುದಿಲ್ಲ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಈ ವರ್ಷವಾದರೂ ಪಟ್ಟಿಯನ್ನು ಕೈಬಿಟ್ಟು, ಒಂದು ದಿನಕ್ಕೆ ಒಂದೇ ಸ್ಥಳವನ್ನು ಆಯ್ದುಕೊಳ್ಳುವುದು ಒಳಿತು. ಮಾಲವಣದ ಎದುರಿಗೆ ಕಡಲಿನಲ್ಲಿ ನಿಂತಿರುವ ಕುರ್ಟೆ ದ್ವೀಪ, ಅಂದರೆ ಸಿಂಧುದುರ್ಗ, ಆ ಸ್ಥಳವಾಗಬಹುದು.

ಕನ್ನಡ ವಿಭಾಗ ನೋಡಬೇಕಾದದ್ದು ಬಾದಾಮಿ, ಐಹೊಳೆ, ಹಂಪಿಗಳನ್ನಲ್ಲವೇ, ಮರಾಠರ ಜಲದುರ್ಗದಲ್ಲಿ ಕನ್ನಡಕ್ಕೇನು ಕೆಲಸ ಎಂಬ ಆಕ್ಷೇಪ ಬರುವುದು ಸಹಜ. ಬಾದಾಮಿ, ಹಂಪಿಗಳನ್ನು ನೋಡಲೇಬೇಕು. ಆದರೆ ಅವು ಒಂದು ದಿನದಲ್ಲಿ ಮುಗಿಯುವ ಪ್ರವಾಸಗಳಲ್ಲ. ವಸತಿ, ಊಟ, ಬಸ್ಸಿನ ಬಾಡಿಗೆಗಳ ಲೆಕ್ಕ ಹಾಕಿದೊಡನೆ ತರಗತಿಯ ಹಲವರು ಮೊದಲೇ ಹಿಂದೆ ಸರಿಯುತ್ತಾರೆ. ಇಚಲಕರಂಜಿಯ ವಿದ್ಯಾರ್ಥಿಗಳಲ್ಲಿ ವಿದ್ಯುತ್ ಮಗ್ಗದ ಪಾಳಿ ಮುಗಿಸಿ ತರಗತಿಗೆ ಬರುವವರುಂಟು. ಗಡಹಿಂಗ್ಲಜದ ಸುತ್ತಲಿನ ಹಳ್ಳಿಯವರಿಗೆ ಚಳಿಗಾಲವೆಂದರೆ ಕಬ್ಬಿನ ಕಟಾವಿನ ಕಾಲ. ಹಿಂದೆ ಸರಿದವರು ನಿಜವಾದ ಕಾರಣವನ್ನು ಹೇಳುವುದಿಲ್ಲ. ಮನೆಯಲ್ಲಿ ಕೆಲಸವಿದೆ ಎಂದು ಸುಮ್ಮನಾಗುತ್ತಾರೆ. ಎಲ್ಲರೂ ಬರಬಹುದಾದದ್ದೇ ವಿಭಾಗದ ಪ್ರವಾಸ. ಮಿಕ್ಕದ್ದು ಕೆಲವರ ವಿಹಾರ. ಇದಲ್ಲದೆ, ಗಡಿಯ ಈ ಬದಿಯಲ್ಲಿ ನಿಂತು ಕನ್ನಡ ಓದುವವರಿಗೆ ತಮ್ಮ ಸುತ್ತಲಿನ ನೆಲವನ್ನೂ ಓದುವ ಹೊಣೆ ಇದೆ. ಕನ್ನಡದ ಚರಿತ್ರೆ ಎಲ್ಲೋ ದೂರದಲ್ಲಿ ನಡೆಯಿತೆಂಬ ಭಾವನೆ ಅವರಲ್ಲಿ ಉಳಿಯಬಾರದು.

ಗಡಹಿಂಗ್ಲಜದಿಂದ ಆಜರಾ, ಆಂಬೋಲಿ, ಸಾವಂತವಾಡಿ, ಕುಡಾಳಗಳ ಮೇಲೆ ಮಾಲವಣಕ್ಕೆ ಹೋಗುವ ದಾರಿಯೇ ಅರ್ಧ ಪಾಠ. ಊರಿನ ಪಕ್ಕದಲ್ಲಿ ಹರಿಯುವ ಹಿರಣ್ಯಕೇಶಿಯ ಮೂಲದ ಕಡೆಗೇ ಬಸ್ಸು ಏರುತ್ತ ಹೋಗುತ್ತದೆ. ಆಂಬೋಲಿಯಲ್ಲಿ, ಗುಹೆಯೊಂದರ ದೇವಾಲಯದ ಬಳಿ ಹುಟ್ಟುವ ಈ ನದಿ ಸಮೀಪದ ಪಶ್ಚಿಮ ಸಮುದ್ರಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹರಿಯುತ್ತದೆ. ಆಜರಾ, ಗಡಹಿಂಗ್ಲಜ, ಸಂಕೇಶ್ವರಗಳನ್ನು ಹಾಯ್ದು ಘಟಪ್ರಭೆಯನ್ನೂ ಅದರ ಮೂಲಕ ಕೃಷ್ಣೆಯನ್ನೂ ಕೂಡಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಘಟ್ಟದ ಅಂಚಿನಿಂದ ಆಚೆಗೆ ಬಿದ್ದ ಮಳೆಯದು ಅರಬ್ಬೀ ಸಮುದ್ರದ ದಾರಿ. ಈ ನದಿಯ ಉಗಮಸ್ಥಾನದಲ್ಲಿ ದೊರೆತ ಪುಟ್ಟ ಮೀನೊಂದಕ್ಕೆ 2020ರಲ್ಲಿ ವಿಜ್ಞಾನಿಗಳು ಹಿರಣ್ಯಕೇಶಿಯ ಹೆಸರನ್ನೇ ಇಟ್ಟರು. ಮರುವರ್ಷ ಮಹಾರಾಷ್ಟ್ರ ಸರ್ಕಾರ ಆ ತಾಣವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಿತು.

ಅದೇ ದಾರಿಯ ಆಜರಾ ವ್ಯಾಕರಣದ ಚರಿತ್ರೆಯಲ್ಲಿ ಬರುವ ಊರು. ಶಿಲಾಹಾರ ಭೋಜನ ಆಳ್ವಿಕೆಯಲ್ಲಿ, 1205ರಲ್ಲಿ, ಸೋಮದೇವನು ಜೈನೇಂದ್ರ ವ್ಯಾಕರಣಕ್ಕೆ ಸಂಬಂಧಿಸಿದ ಶಬ್ದಾರ್ಣವಚಂದ್ರಿಕೆಯನ್ನು ಬರೆದದ್ದು ಇಲ್ಲಿಯ ಬಸದಿಯಲ್ಲೆಂದು ವಿದ್ವಾಂಸರು ಗುರುತಿಸಿದ್ದಾರೆ. ಶಬ್ದಾರ್ಣವವೆಂದರೆ ಶಬ್ದಗಳ ಕಡಲು. ಕಡಲಿಗೆ ಹೊರಟವರು ಆ ಊರಿನಲ್ಲಿ ಚಹಾ ಕುಡಿಯುವಾಗ ಇಷ್ಟನ್ನಾದರೂ ನೆನೆಯಬಹುದು.

ಇನ್ನು ಕರಾವಳಿಯ ಮಾತು. ಸಾವಂತವಾಡಿಯಿಂದ ಸಮುದ್ರದ ಕಡೆಗೆ, ವೆಂಗುರ್ಲೆಯ ದಕ್ಷಿಣಕ್ಕೆ, ರೇಡಿ ಎಂಬ ಊರಿದೆ. ಬಾದಾಮಿ ಚಲುಕ್ಯರ ಮಂಗಲೇಶನು ಗೆದ್ದ ರೇವತೀದ್ವೀಪ ಇದೇ ಎಂಬುದು ಇತಿಹಾಸಕಾರರ ಅಭಿಪ್ರಾಯ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಆ ವಿಜಯವನ್ನು ವರ್ಣಿಸಿದ್ದಾನೆ. ಶಾಸನಶಾಸ್ತ್ರದ ಪತ್ರಿಕೆಯಲ್ಲಿ ಮಂಗಲೇಶ, ರವಿಕೀರ್ತಿ ಎಂಬ ಹೆಸರುಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಆ ದ್ವೀಪ ತನ್ನ ಊರಿನಿಂದ ಒಂದು ಬೆಳಗಿನ ಪ್ರಯಾಣದಷ್ಟು ದೂರದಲ್ಲಿದೆ ಎಂದು ಗೊತ್ತಾದರೆ, ಪಠ್ಯ ಬೇರೆಯೇ ಬಗೆಯಲ್ಲಿ ಕಾಣತೊಡಗುತ್ತದೆ. ಸಾವಿರ ವರ್ಷಗಳ ಮೇಲೆ, 1665ರ ಫೆಬ್ರವರಿಯಲ್ಲಿ, ಛತ್ರಪತಿ ಶಿವಾಜಿ ಮಹಾರಾಜರ ನೌಕಾಪಡೆ ಕೆಳದಿ ನಾಯಕರ ಬಂದರಾಗಿದ್ದ ಬಸರೂರಿಗೆ ದಂಡೆತ್ತಿ ಹೋದದ್ದು ಮಾಲವಣದಿಂದಲೇ. ಮರಳುವಾಗ ಅವರು ಗೋಕರ್ಣಕ್ಕೂ ಬಂದರು. ಘಟ್ಟದ ಮೇಲೆ ನಿಂತು ಗಡಿಯೆಂದು ಕಾಣುವುದು ಕಡಲಿನಿಂದ ನೋಡಿದರೆ ಒಂದೇ ತೀರ.

ಈ ಕತೆಗಳನ್ನು ಬಸ್ಸಿನಲ್ಲಿ ಹೇಳಿಕೊಳ್ಳಬೇಕು. ರೇಡಿಯನ್ನೂ ನೋಡಿಬಿಡೋಣವೆಂದು ಬಸ್ಸನ್ನು ತಿರುಗಿಸಬಾರದು. ಅಲ್ಲಿಗೇ ಪಟ್ಟಿಯ ಪ್ರವಾಸ ಮತ್ತೆ ಆರಂಭವಾಗುತ್ತದೆ.

ಸಿಂಧುದುರ್ಗದ ಕೆಲಸ 1664ರ ನವೆಂಬರಿನಲ್ಲಿ ತೊಡಗಿ 1667ರಲ್ಲಿ ಮುಗಿಯಿತು. ಸುಮಾರು 48 ಎಕರೆಯ ದ್ವೀಪವನ್ನು ಸುತ್ತುವರಿದ ಗೋಡೆ ಹೆಚ್ಚುಕಡಿಮೆ ಮೂರು ಕಿಲೋಮೀಟರ್ ಉದ್ದವಿದೆ. ಹತ್ತಿರ ಹೋಗುವವರೆಗೂ ಹೆಬ್ಬಾಗಿಲು ಕಣ್ಣಿಗೆ ಬೀಳದಂತೆ ಗೋಡೆಯನ್ನು ಬಳಸಿ ಕಟ್ಟಿದ್ದಾರೆ. ಒಳಗೆ, ರಾಜಾರಾಮ ಮಹಾರಾಜರು 1695ರಲ್ಲಿ ಕಟ್ಟಿಸಿದ ಶಿವರಾಜೇಶ್ವರ ದೇವಾಲಯವಿದೆ. ಸುತ್ತಲೂ ಉಪ್ಪುನೀರಿದ್ದರೂ ನಡುವೆ ಸಿಹಿನೀರಿನ ಮೂರು ಬಾವಿಗಳಿವೆ: ದೂಧಬಾವ, ದಹೀಬಾವ, ಸಾಖರಬಾವ. ಕೆಲವು ಕುಟುಂಬಗಳು ಇಂದಿಗೂ ಇಲ್ಲಿ ವಾಸವಾಗಿವೆ. ಇಷ್ಟನ್ನು ನೋಡಲು ದೋಣಿಯವರು ಸಾಮಾನ್ಯವಾಗಿ ಕೊಡುವ ಅವಧಿ ಒಂದು ಗಂಟೆ. ಗೋಡೆಯ ಮೇಲೆ ಒಂದು ಸುತ್ತು ಬರಲೂ ಅದು ಸಾಲದು. ಆದ್ದರಿಂದ ಯೋಜನೆಯ ಮೊದಲ ಕೆಲಸ, ಮೂರು ಗಂಟೆ ಅಲ್ಲಿರುವುದಾಗಿ ದೋಣಿಕಟ್ಟೆಯಲ್ಲಿ ಮುಂಗಡವಾಗಿ ಮಾತನಾಡಿ, ಅದರ ದರವನ್ನು ಗೊತ್ತುಪಡಿಸಿಕೊಳ್ಳುವುದು.

ಆ ಮೂರು ಗಂಟೆಗಳಲ್ಲಿ ಭಾಷೆಯ ವಿದ್ಯಾರ್ಥಿಗೆ ಕೆಲಸ ಬೇಕಾದಷ್ಟಿದೆ. ಮರಾಠಿಯ ‘ಬಾವ’, ಕನ್ನಡದ ‘ಬಾವಿ’ ಎರಡೂ ಸಂಸ್ಕೃತದ ‘ವಾಪಿ’ಯ ತದ್ಭವಗಳು. ತದ್ಭವ ಪ್ರಕರಣದ ಉದಾಹರಣೆಯೊಂದು ಅಲ್ಲಿ ನೀರು ತುಂಬಿಕೊಂಡು ಕಣ್ಣೆದುರಿಗಿರುತ್ತದೆ. ಮರಾಠಿಯಲ್ಲಿ ದ್ವೀಪಕ್ಕೆ ‘ಬೇಟ’ ಎನ್ನುತ್ತಾರೆ. ಹಳಗನ್ನಡದ ‘ಬೇಟ’ಕ್ಕೆ ಪ್ರಣಯವೆಂಬ ಅರ್ಥ. ದನಿ ಒಂದಾದರೂ ಶಬ್ದಗಳು ಬೇರೆ. ದ್ವೀಪಕ್ಕೆ ಕನ್ನಡದಲ್ಲಿ ನಡುಗಡ್ಡೆ, ಕುರುವ ಎಂಬ ಹೆಸರುಗಳಿವೆ. ಗುರುಚರಿತ್ರೆಯ ಪಾರಾಯಣ ನಡೆಯುವ ಮನೆಗಳವರು ಬಲ್ಲ ಕುರುವಪುರ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯ ನಡುಗಡ್ಡೆಯೇ ಆಗಿದೆ. ಹಾಗಾದರೆ ‘ಕುರ್ಟೆ’ಯೂ ‘ಕುರುವ’ವೂ ಒಂದೇ ಎಂದು ಯಾರಾದರೂ ಉತ್ಸಾಹದಿಂದ ಹೇಳಬಹುದು. ಅಲ್ಲಿಯೇ ತಡೆಯಬೇಕು. ಸ್ಥಳನಾಮದ ಹಳೆಯ ರೂಪಗಳನ್ನು ದಾಖಲೆಗಳಲ್ಲಿ ಹುಡುಕದೆ, ಕೇವಲ ದನಿಯ ಸಾಮ್ಯದಿಂದ ಸಂಬಂಧ ಕಟ್ಟುವುದು ಶಾಸ್ತ್ರವಲ್ಲ. ಶಂ. ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’ದಂತಹ ಕೃತಿಗಳಿಂದ ಈ ಸೀಮೆಯಲ್ಲಿ ಕನ್ನಡದ ಕುರುಹುಗಳನ್ನು ಅರಸುವ ದಾರಿ ತೋರಿದರು. ಆ ದಾರಿಯಲ್ಲಿ ನಡೆಯುವವರಿಗೆ ಎಚ್ಚರವೇ ಊರುಗೋಲು. ಗಡಿಭಾಗದಲ್ಲಿ ಒಂದು ಊರಿನ ಹೆಸರು ಯಾರದೆಂಬ ಪ್ರಶ್ನೆಗೆ ಜಗಳದ ಬಣ್ಣ ಬೇಗನೆ ಬರುತ್ತದೆ. ಕನ್ನಡ ಓದುವವನಿಗೆ ಆ ಜಗಳಕ್ಕೆ ಸೌದೆ ಒದಗಿಸುವ ಅಧಿಕಾರವಿಲ್ಲ.

ದಿನವನ್ನು ಆಯುವಲ್ಲಿ ಪಂಚಾಂಗ ಕೈಯಲ್ಲಿರಬೇಕು. ಮಳೆಗಾಲದಲ್ಲಿ ದೋಣಿಗಳು ಹೊರಡುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತಮುತ್ತ ಭರತ ಇಳಿತಗಳ ಅಂತರ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ತಿಥಿಯ ಸಂಖ್ಯೆಯನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಭರತದ ವೇಳೆ ಸುಮಾರಾಗಿ ಸಿಗುತ್ತದೆ ಎಂಬ ಲೆಕ್ಕ ಕೊಂಕಣದಲ್ಲಿ ಬಳಕೆಯಲ್ಲಿದೆ. ಅಷ್ಟಮಿಗೆ ಆರು ಗಂಟೆ. ಅಂದರೆ ನಡುಹಗಲಿಗೆ ಇಳಿತ. ಇದು ಅಂದಾಜು ಮಾತ್ರ. ಕೊನೆಯ ಮಾತು ದೋಣಿ ನಡೆಸುವವರದು. ಶನಿವಾರ, ಭಾನುವಾರ, ಡಿಸೆಂಬರಿನ ಕೊನೆಯ ವಾರಗಳನ್ನು ಬಿಡಲೇಬೇಕು. 2025ರ ಜುಲೈನಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮರಾಠಾ ಸೈನಿಕ ನೆಲೆಗಳ ಹನ್ನೆರಡು ಕೋಟೆಗಳಲ್ಲಿ ಪನ್ಹಾಳದಂತೆ ಸಿಂಧುದುರ್ಗವೂ ಇದೆ. ಜನಸಂದಣಿ ಇನ್ನು ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ದ್ವೀಪದ ಮೌನ ಬೇಕೆನ್ನುವವರು ಮಂಗಳವಾರವನ್ನೋ ಬುಧವಾರವನ್ನೋ ಆರಿಸಿ, ಬೆಳಗಿನ ದೋಣಿಯಲ್ಲಿ ಹೋಗಬೇಕು.

ಸುರಕ್ಷತೆಯ ವಿಷಯದಲ್ಲಿ ಮಾತು ಕಠಿಣವಾಗಿಯೇ ಇರಬೇಕಾಗುತ್ತದೆ. 2017ರ ಏಪ್ರಿಲಿನಲ್ಲಿ ಬೆಳಗಾವಿಯ ಕಾಲೇಜೊಂದರಿಂದ ಮಾಲವಣಕ್ಕೆ ಬಂದಿದ್ದ ತಂಡದ ಎಂಟು ಮಂದಿ ವಾಯರಿಯ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ವಾಯರಿ ಈ ದ್ವೀಪಕ್ಕೆ ತೀರ ಸಮೀಪದ ತೀರ. ಕೆರೆಯಲ್ಲಿ, ಹೊಳೆಯಲ್ಲಿ ಈಜು ಕಲಿತವರಿಗೆ ಕಡಲಿನ ಸೆಳೆತದ ಅರಿವಿರುವುದಿಲ್ಲ. ನೀರಿಗೆ ಇಳಿಯಕೂಡದು ಎಂಬ ನಿಯಮಕ್ಕೆ ಮೊಣಕಾಲಿನವರೆಗೆ, ಐದೇ ನಿಮಿಷ ಎಂಬ ರಿಯಾಯಿತಿಗಳನ್ನು ಸೇರಿಸಬಾರದು. ದೋಣಿಯಲ್ಲಿ ಎಲ್ಲರಿಗೂ ಜೀವರಕ್ಷಕ ಅಂಗಿ ಸಿಗುವವರೆಗೆ ದಡ ಬಿಡಬಾರದು. ಹತ್ತು ಮಂದಿಗೆ ಒಬ್ಬರಂತೆ ಹಿರಿಯ ವಿದ್ಯಾರ್ಥಿಗಳು ತಲೆಯೆಣಿಕೆಯ ಹೊಣೆ ಹೊರಬೇಕು. ಇಷ್ಟನ್ನು ಬರೆದು ಪಾಲಕರಿಗೆ ಕಳುಹಿಸಿದರೆ, ಹೆಣ್ಣುಮಕ್ಕಳನ್ನು ಕಳುಹಿಸಲು ಹಿಂಜರಿಯುವ ಮನೆಗಳಲ್ಲಿಯೂ ಒಪ್ಪಿಗೆ ಸುಲಭವಾಗುತ್ತದೆ.

ವೆಚ್ಚವನ್ನು ಇಳಿಸುವ ದಾರಿಯೂ ಇದೆ. ಒಂದೊಂದು ಕಾಲೇಜಿನ ಐಚ್ಛಿಕ ಕನ್ನಡ ತರಗತಿ ಒಂದು ಬಸ್ಸನ್ನು ತುಂಬದೆ ಇರಬಹುದು. ಮೂರು ಊರುಗಳು ಕೂಡಿದರೆ ತುಂಬುತ್ತದೆ. ಎಸ್.ಟಿ. ಡಿಪೋದಲ್ಲಿ ಶೈಕ್ಷಣಿಕ ಪ್ರವಾಸದ ದರವನ್ನು ವಿಚಾರಿಸಿ, ಇಚಲಕರಂಜಿಯಿಂದ ನಸುಕಿನ ನಾಲ್ಕಕ್ಕೆ ಹೊರಟ ಬಸ್ಸು ಕೊಲ್ಹಾಪುರದವರನ್ನು ಕಾಗಲದಲ್ಲಿ ಹತ್ತಿಸಿಕೊಂಡು ಆರರ ಹೊತ್ತಿಗೆ ಗಡಹಿಂಗ್ಲಜಕ್ಕೆ ಬರಬಹುದು. ಅಲ್ಲಿಂದ ಮಾಲವಣ ಸುಮಾರು ನಾಲ್ಕು ಗಂಟೆಯ ದಾರಿ. ಮಧ್ಯಾಹ್ನ ಮೂರಕ್ಕೆ ಹಿಂದಿರುಗಿದರೆ ಗಡಹಿಂಗ್ಲಜದವರು ರಾತ್ರಿಯ ಊಟಕ್ಕೆ ಮನೆಯಲ್ಲಿರುತ್ತಾರೆ. ದೂರದ ವಿದ್ಯಾರ್ಥಿನಿಯರಿಗೆ ಆ ರಾತ್ರಿ ಗಡಹಿಂಗ್ಲಜದ ಗೆಳತಿಯರ ಮನೆಗಳಲ್ಲಿ ವಸತಿಯಾದರೆ ಆತಂಕವೂ ತಪ್ಪುತ್ತದೆ, ಮೂರು ಊರುಗಳ ಕನ್ನಡ ತರಗತಿಗಳಿಗೆ ಪರಸ್ಪರ ಪರಿಚಯವೂ ಆಗುತ್ತದೆ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಟ್ಟೆಯ ಗಂಟಿನಲ್ಲಿ ಬರಲಿ. ಬಟ್ಟೆ ಮನೆಗೆ ಮರಳುತ್ತದೆ. ಪ್ಲಾಸ್ಟಿಕ್ ತಟ್ಟೆ ಕಡಲಿನಲ್ಲೇ ಉಳಿಯುತ್ತದೆ. ಸುತ್ತಲಿನ ಕಡಲು 1987ರಿಂದ ಸಾಗರ ಅಭಯಾರಣ್ಯದ ಪ್ರದೇಶ. ಹವಳದ ಒಂದು ಚೂರನ್ನೂ ನೆನಪಿಗೆಂದು ಎತ್ತಿಕೊಂಡು ಬರುವಂತಿಲ್ಲ.

ನಾ. ಡಿಸೋಜರ ‘ದ್ವೀಪ’ ಕಾದಂಬರಿಯನ್ನು ಓದಿದವರಿಗೆ ಒಂದು ಮಾತು ವಿವರಿಸಿ ಹೇಳಬೇಕಾಗಿಲ್ಲ. ಶರಾವತಿಯ ಅಣೆಕಟ್ಟಿನ ನೀರು ಸುತ್ತುವರಿದಾಗ ದ್ವೀಪವಾದದ್ದು ಕೆಲವರ ಮನೆ. ನೋಡಲು ಬಂದವರಿಗೆ ದೃಶ್ಯವಾಗಿರುವುದು ಇರುವವರಿಗೆ ಅಂಗಳ, ಬಾವಿಕಟ್ಟೆ, ಬಟ್ಟೆ ಒಣಗಿಸುವ ಹಗ್ಗ. ಸಿಂಧುದುರ್ಗದೊಳಗಿನ ಮನೆಗಳ ಮುಂದೆ ಧ್ವನಿವರ್ಧಕ ಹಚ್ಚಿ ಕುಣಿಯುವುದಾಗಲಿ, ಕೇಳದೆ ಚಿತ್ರ ತೆಗೆಯುವುದಾಗಲಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ಒಪ್ಪುವುದಿಲ್ಲ. ಅನುಮತಿ ಕೇಳಿ ಕುಳಿತರೆ ಮಾಲವಣಿ ನುಡಿಯನ್ನು ಕಿವಿಯಾರೆ ಕೇಳುವ ಅವಕಾಶ ಸಿಗಬಹುದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ ಬೆಳೆದ ಈ ಮಕ್ಕಳಷ್ಟು ಚೆನ್ನಾಗಿ ಆ ನುಡಿಯ ವ್ಯತ್ಯಾಸಗಳನ್ನು ಗುರುತಿಸಬಲ್ಲವರು ಬೇರೆ ಕನ್ನಡ ತರಗತಿಗಳಲ್ಲಿ ವಿರಳ.

ವರದಿಯೂ ಬದಲಾಗಲಿ. ಎಲ್ಲರೂ ಕೋಟೆಯ ಇತಿಹಾಸವನ್ನೇ ನಕಲು ಮಾಡುವ ಬದಲು, ದ್ವೀಪದಲ್ಲಿ ಒಂದೇ ವಸ್ತುವಿನ ಮುಂದೆ ಕಾಲು ಗಂಟೆ ನಿಂತು ಕಂಡದ್ದನ್ನು ಒಂದು ಪುಟದಲ್ಲಿ ಬರೆಯಲಿ: ಒಂದು ಬಾವಿ, ಒಂದು ಕಲ್ಲಿನ ಸಂದು, ಬಲೆ ಹೆಣೆಯುವ ಒಂದು ಕೈ. ಇಂತಹ ಮೂವತ್ತು ಪುಟಗಳು ಕೂಡಿದರೆ ವಿಭಾಗಕ್ಕೆ ಒಂದು ಒಳ್ಳೆಯ ಸಂಚಿಕೆಯಾಗುತ್ತದೆ. ಸಮಯ ಹೆಚ್ಚಿಲ್ಲ; ಪರೀಕ್ಷೆಗಳು ಹತ್ತಿರವಾದ ಮೇಲೆ ಯಾವ ಯೋಜನೆಯೂ ನಡೆಯದು. ಪ್ರವಾಸದ ಮೊದಲ ಸಭೆಗೆ ವಿದ್ಯಾರ್ಥಿ ಪ್ರತಿನಿಧಿಗಳು ಊರುಗಳ ಪಟ್ಟಿಯನ್ನು ಮನೆಯಲ್ಲಿಯೇ ಬಿಟ್ಟು, ಒಂದು ಪಂಚಾಂಗವನ್ನೂ ಎಸ್.ಟಿ.ಯ ದರಪತ್ರವನ್ನೂ ತರಲಿ. ಪೌಷದ ಒಂದು ಅಷ್ಟಮಿಯನ್ನು ಗುರುತು ಹಾಕಿದರೆ ಅರ್ಧ ಕೆಲಸ ಅಂದೇ ಮುಗಿದಂತೆ.