ಬಂಡೆಯ ವಯಸ್ಸು, ಬೋರಿನ ನೀರು

ತೋವಿನಕೆರೆಯ ಕಡೆಯ ತಾಯಿಯೊಬ್ಬರು ಕೇಳಿದರು: ‘ಬೋರ್‌ವೆಲ್ ನೀರಿನಲ್ಲಿ ಯುರೇನಿಯಂ ಇರುತ್ತದಂತೆ. ಕಾಯಿಸಿ ಕುಡಿದರೆ ಹೋಗುತ್ತದಲ್ಲವೇ ಮೇಷ್ಟ್ರೇ?’ ಹೋಗುವುದಿಲ್ಲ. ಏಕೆಂದು ನೋಡೋಣ.

ಯುರೇನಿಯಂ ಭಾರವಾದ ಲೋಹ. ಅದರ ಪರಮಾಣುವಿನ ಬೀಜಕೇಂದ್ರದಲ್ಲಿ 92 ಪ್ರೋಟಾನ್, 146 ನ್ಯೂಟ್ರಾನ್ ಇಕ್ಕಟ್ಟಿನಲ್ಲಿ ಕುಳಿತಿವೆ. ಪ್ರೋಟಾನ್‌ಗಳು ಒಂದನ್ನೊಂದು ದೂಡುವುದರಿಂದ ಆ ಮನೆ ಭದ್ರವಲ್ಲ. ಎಂದೋ ಒಂದು ದಿನ 2 ಪ್ರೋಟಾನ್, 2 ನ್ಯೂಟ್ರಾನ್‌ಗಳ ಗಂಟು ಹೊರಕ್ಕೆ ಸಿಡಿಯುತ್ತದೆ. ಅದೇ ಆಲ್ಫಾ ಕಣ. ಬೀಟಾ ಕಣ ಹೊರಟಾಗಲಾದರೋ ಒಂದು ನ್ಯೂಟ್ರಾನ್ ಪ್ರೋಟಾನ್ ಆಗುತ್ತದೆ. ಹೀಗೆ 8 ಆಲ್ಫಾ, 6 ಬೀಟಾ ಹೊರಹೋದ ಮೇಲೆ ಉಳಿಯುವುದು ಸೀಸ. ಮಕ್ಕಳೇ, ಲೆಕ್ಕ ಹಾಕಿ: 238ರಲ್ಲಿ 32 ಕಳೆದರೆ 206. 92ರಲ್ಲಿ 16 ಕಳೆದು 6 ಕೂಡಿಸಿದರೆ 82. ಸೀಸದ ಪರಮಾಣು ಸಂಖ್ಯೆ ಅದೇ ತಾನೆ?

ಈ ಯುರೇನಿಯಂನಲ್ಲಿ ಅರ್ಧ ಭಾಗ ಕ್ಷಯಿಸಲು 447 ಕೋಟಿ ವರ್ಷ ಬೇಕು. ಒಲೆಯ ಬೆಂಕಿ ಈ ವೇಗವನ್ನು ಹೆಚ್ಚಿಸಲಾರದು, ತಗ್ಗಿಸಲಾರದು. ಆದ್ದರಿಂದಲೇ ಇದು ನಂಬಿಕೆಯ ಗಡಿಯಾರ. ಮಧುಗಿರಿ, ಪಾವಗಡದ ಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಗೆ ಸೇರಿದವು. (ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು.) ಈ ಕಲ್ಲಿನಲ್ಲಿರುವ ಜಿರ್ಕಾನ್ ಹರಳು ಹುಟ್ಟುವಾಗ ಯುರೇನಿಯಂ ಅನ್ನು ಸೇರಿಸಿಕೊಳ್ಳುತ್ತದೆ, ಸೀಸವನ್ನು ದೂರವಿಡುತ್ತದೆ. ಆಗ 100 ಯುರೇನಿಯಂ ಪರಮಾಣು ಇದ್ದಿದ್ದರೆ ಇಂದು ಸುಮಾರು 68 ಉಳಿದು 32 ಸೀಸವಾಗಿರುತ್ತವೆ. ಅಂದರೆ ಬೆಟ್ಟದ ವಯಸ್ಸು ಸುಮಾರು 250 ಕೋಟಿ ವರ್ಷ!

ಇಂಥ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಯುರೇನಿಯಂ ಅನ್ನು ಕರಗಿಸಿಕೊಳ್ಳುತ್ತದೆ. ಕೆರೆ ಬತ್ತಿ ನಾವು ಆಳಕ್ಕೆ ಕೊರೆದಂತೆ ಆ ನೀರೇ ಮೇಲೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ನಮ್ಮ ರಾಜ್ಯದ ಪೂರ್ವ ಜಿಲ್ಲೆಗಳ ಹಲವು ಕೊಳವೆಬಾವಿಗಳಲ್ಲಿ ಇದಕ್ಕಿಂತ ಹೆಚ್ಚು ಕಂಡುಬಂದಿದೆ. ಇಷ್ಟು ಕಡಿಮೆ ಪ್ರಮಾಣದಲ್ಲಿ ಅದರ ವಿಕಿರಣಕ್ಕಿಂತ ಲೋಹದ ರಾಸಾಯನಿಕ ಗುಣದ್ದೇ ಹೆಚ್ಚಿನ ಚಿಂತೆ. ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ.

ಕುದಿಸಿದರೆ ರೋಗಾಣು ಸಾಯುತ್ತವೆ, ಯುರೇನಿಯಂ ಸಾಯದು. ನೀರು ಆವಿಯಾಗಿ ಹೋದಷ್ಟೂ ಪಾತ್ರೆಯಲ್ಲಿ ಅದರ ಸಾಂದ್ರತೆ ಏರುತ್ತದೆ. ಹೆದರಬೇಡಿ, ಆದರೆ ಉದಾಸೀನವೂ ಬೇಡ. ನಿಮ್ಮ ಬೋರಿನ ನೀರನ್ನು ಪರೀಕ್ಷೆ ಮಾಡಿಸಿ. ಯುರೇನಿಯಂ ಅನ್ನೂ ಪರೀಕ್ಷಿಸುವಂತೆ ಮರೆಯದೆ ಕೇಳಿ. ಸುಸ್ಥಿತಿಯಲ್ಲಿರುವ ಆರ್‌ಓ ಘಟಕ ಅದನ್ನು ಬಹುಪಾಲು ತಡೆಯುತ್ತದೆ. ಇನ್ನು ಶುಚಿಯಾದ ಸೂರಿನಿಂದ ಹಿಡಿದ ಮಳೆನೀರು ಬಂಡೆಯನ್ನೇ ಮುಟ್ಟಿರುವುದಿಲ್ಲ. ಅದನ್ನು ಸೋಸಿ, ಕಾಯಿಸಿ ಕುಡಿಯಿರಿ. ಆಗ, ತಾಯಿ, ನಿಮ್ಮ ಒಲೆಯ ಶ್ರಮ ಸಾರ್ಥಕ.