ಮೊದಲು ಬಸ್ ಬರಲಿ, ಸೆಸ್ ಕೊಡೋಣ

ಬೇಗೂರಿನ ನಮ್ಮ ಮನೆಯಿಂದ ಹೊಂಗಸಂದ್ರ ಮೆಟ್ರೊ ನಿಲ್ದಾಣಕ್ಕೆ ಬೆಳಿಗ್ಗೆ ಆಟೊದವರು ನೂರು ರೂಪಾಯಿ ಕೇಳುತ್ತಾರೆ. ರೈಲಿನ ಟಿಕೆಟ್‌ಗಿಂತ ರೈಲಿನ ಬಾಗಿಲಿಗೆ ಹೋಗುವ ಖರ್ಚೇ ಜಾಸ್ತಿ. ಹಾಗಾಗಿ ನಾನು ನಡೆಯುತ್ತೇನೆ. ಮಳೆ ಬಂದ ದಿನ ಮೊದಲ ಪಿರಿಯಡ್ ಹೋಯಿತೆಂದೇ ಲೆಕ್ಕ.

ಮೊನ್ನೆ ಊಟಕ್ಕೆ ಕೂತಾಗ ಅಪ್ಪನಿಗೂ ನನಗೂ ಸೆಸ್ ವಿಚಾರಕ್ಕೆ ವಾದ ಹತ್ತಿತು. ಕೆಲ ವರ್ಷಗಳ ಹಿಂದೆ ಆಸ್ತಿ ತೆರಿಗೆಯ ಜೊತೆ ಶೇ 2ರಷ್ಟು ಭೂ ಸಾರಿಗೆ ಸೆಸ್ ಹಾಕುವ ಪ್ರಸ್ತಾವ ಪಾಲಿಕೆಯಲ್ಲಿ ಬಂದಿತ್ತು. ಅಂಥದ್ದು ಮತ್ತೆ ಬಂದರೆ ಒಪ್ಪಬೇಕು ಅಂದೆ. ‘ಸ್ಕೂಟರ್ ತಗೊಂಡಾಗ ರೋಡ್ ಟ್ಯಾಕ್ಸ್ ಕಟ್ಟಿದೀನಿ, ಪೆಟ್ರೋಲಿಗೆ ಟ್ಯಾಕ್ಸ್ ಕಟ್ತೀನಿ. ಈಗ ಮನೆಗೂ ಕಟ್ಟಬೇಕಾ? ಆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ನಿನಗೆ ಗೊತ್ತೇನೋ?’ ಅಂದರು. ಗೊತ್ತಿರಲಿಲ್ಲ. ಸುಮ್ಮನೆ ಅನ್ನ ಕಲಸಿದೆ.

ಮೆಟ್ರೊ ಬೇಡ ಅನ್ನುವವನಲ್ಲ ನಾನು. ಸಿಲ್ಕ್ ಬೋರ್ಡ್‌ನಲ್ಲಿ ಬಸ್ಸಿನೊಳಗೆ ನಿಂತು ಬೆವರಿದವರಾರೂ ಹಾಗೆ ಹೇಳಲಾರರು. ಆದರೆ ರೈಲಿಗೆ ಕಾಲ ಬೇಕು. ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ನಾನಾಗ ಮೂರನೇ ಕ್ಲಾಸು. ಅದರ ಹಳದಿ ಮಾರ್ಗ ಶುರುವಾಗಿದ್ದು 2025ರ ಆಗಸ್ಟ್‌ನಲ್ಲಿ; ನಾನಾಗ ಐದನೇ ಸೆಮಿಸ್ಟರ್. ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. 72 ಕಿ.ಮೀ.ಗೆ ಅಂದು ಮಂಜೂರಾದ ಅಂದಾಜು 26,405 ಕೋಟಿ, ಅಂದರೆ ಕಿ.ಮೀ.ಗೆ 366 ಕೋಟಿ ರೂಪಾಯಿ. ಅಷ್ಟರಲ್ಲಿ ನೂರಾರು ಬಸ್ ಬರುತ್ತವೆ, ಅದೂ ನಾನು ಡಿಗ್ರಿ ಮುಗಿಸುವುದರೊಳಗೆ.

ಬಸ್ಸೂ ಜಾಮ್‌ನಲ್ಲೇ ನಿಲ್ಲುತ್ತದಲ್ಲ ಎನ್ನುತ್ತಾರೆ ಗೆಳೆಯರು. ನಿಜ. ಅದಕ್ಕೇ 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆ ಬೇರೆ ಪಥ ಮಾಡಿದ್ದರು. ದೊಡ್ಡ ಎಂಜಿನಿಯರಿಂಗ್ ಏನಲ್ಲ, ಸಾಲಾಗಿ ಕಂಬ ನೆಟ್ಟಿದ್ದರು ಅಷ್ಟೆ. ಆಮೇಲೆ ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಬಂತು, ಪಥ ಹೋಯಿತು.

ಅಮ್ಮ ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ನೆತ್ತಿಯ ಮೇಲೆಯೇ ರೈಲು ಓಡುತ್ತದೆ. ಹೊಸದರಲ್ಲಿ ಒಂದು ಭಾನುವಾರ ನೋಡಲೆಂದು ಹತ್ತಿದ್ದು ಬಿಟ್ಟರೆ ಮತ್ತೆ ಹತ್ತಿಲ್ಲ. ಶಕ್ತಿ ಯೋಜನೆಯಲ್ಲಿ ಬಸ್ ಪುಕ್ಕಟೆ ಇರುವಾಗ ಸಂಬಳದಲ್ಲಿ ರೈಲಿಗೆ ಯಾಕೆ ಕೊಡಲಿ ಎನ್ನುತ್ತಾರೆ. ನನ್ನ ವಿದ್ಯಾರ್ಥಿ ಬಸ್ ಪಾಸಿನ ಕಥೆಯೂ ಅಷ್ಟೇ, ಮೆಟ್ರೊ ಗೇಟಿನಲ್ಲಿ ಅದು ಬರೀ ಗುರುತಿನ ಚೀಟಿ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ನಮ್ಮ ಕ್ಲಾಸಿನ ಇಬ್ಬರು ಮತ್ತೆ ಬೈಕ್ ಹಿಡಿದರು. ಟ್ರಾಫಿಕ್ ಹೆಚ್ಚುವುದು ಹೀಗೇ ತಾನೆ?

ಆದ್ದರಿಂದ ಸೆಸ್ ಹಾಕಲಿ, ಆದರೆ ಅದು ಬೇರೆ ಖಾತೆಗೆ ಹೋಗಬೇಕು. ಕಾರಿಗೆ ಹೆಚ್ಚು, ಸಣ್ಣ ಮನೆಗೆ ಕಡಿಮೆ ಇರಲಿ. ಮೊದಲ ವರ್ಷದ ಹಣವೆಲ್ಲ ಬಡಾವಣೆಯಿಂದ ನಿಲ್ದಾಣಕ್ಕೆ ಓಡುವ ಸಣ್ಣ ಬಸ್ಸುಗಳಿಗೆ ಹೋಗಲಿ. ಆಮೇಲೆ ಬಸ್ಸಿಗೂ ರೈಲಿಗೂ ನಡೆಯುವ ಒಂದೇ ಪಾಸು ಬರಲಿ. ಹೊಸ ಹಳಿಯ ಮಾತು ಅದಾದ ಮೇಲೆ.

ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ‘ನಮ್ಮ ಬೀದಿಗೆ ಬಸ್ ಬರಲಿ, ಕಟ್ತೀನಿ’ ಅಂದರು. ‘ಬರೋ ತನಕ ಸ್ಕೂಟರ್ ಮಾರಲ್ಲ ಅಂತಾನೂ ಬರಿ.’