ಗೋಡೆಗೆ ಬಣ್ಣ ಬಳಿಯುವ ಮುಂಚೆ

ಜಮಾ-ಖರ್ಚು ಓದುವ ಹುಡುಗನಿಗೆ ಚಿತ್ರಕಲೆಯ ಗೊಡವೆ ಯಾಕೆ ಎಂದು ನಮ್ಮ ಸಂಘದ ಗೆಳೆಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನೆಟ್ಟಗೆ ಒಂದು ಕುದುರೆಯ ಚಿತ್ರ ಬರೆಯಲು ನನಗೆ ಬಾರದು. ಆದರೆ ಕಳೆದ ತಿಂಗಳು ಸಂಘದ ಸಭೆಯಲ್ಲಿ ಐದೇ ನಿಮಿಷದಲ್ಲಿ ತೀರ್ಮಾನವಾದ ಒಂದು ವಿಷಯ ನನ್ನ ತಲೆಯಿಂದ ಇಳಿಯುತ್ತಿಲ್ಲ. ಅವತ್ತು ಕೈ ಎತ್ತಿದವರಲ್ಲಿ ನಾನೂ ಒಬ್ಬ. ಎತ್ತಿದ ಕೈಯನ್ನು ಈಗ ಇಳಿಸುತ್ತಿದ್ದೇನೆ ಎಂದು ಹೇಳುವುದಕ್ಕೇ ಈ ಬರಹ.

ವಿಷಯ ನಿಮಗೆ ಗೊತ್ತಿರುವುದೇ. ಬಸ್‌ಸ್ಟಾಪಿನ ಕಡೆಗಿರುವ ನಮ್ಮ ಕಾಲೇಜಿನ ಉದ್ದನೆಯ ಕಾಂಪೌಂಡ್ ಗೋಡೆಗೆ ವಾರ್ಷಿಕೋತ್ಸವದ ಮೊದಲು ಚಿತ್ರ ಬರೆಸುತ್ತಾರಂತೆ. ಬಣ್ಣದ ಕಂಪನಿಯೊಂದು ಡಬ್ಬಿಗಳನ್ನು ಬಿಟ್ಟಿ ಕೊಡುತ್ತದೆ. ಮೂಲೆಯಲ್ಲಿ ಅದರ ಹೆಸರು ಹಾಕಬೇಕು, ಅಷ್ಟೆ. ಹೊರಗಿನ ತಂಡವೊಂದು ಬಂದು ಎರಡು ದಿನದಲ್ಲಿ ಮುಗಿಸಿಕೊಡುತ್ತದೆ. ಮರಾಠಿ ಮಂಡಳಕ್ಕೆ ಹತ್ತು ಅಡಿ, ಗುಜರಾತಿಯವರಿಗೆ ಹತ್ತು ಅಡಿ, ತಮಿಳಿನವರಿಗೆ ಹತ್ತು ಅಡಿ, ನಮಗೂ ಹತ್ತು ಅಡಿ. “ಕನ್ನಡದ್ದು ಅಂತ ಏನು ಬರೆಸೋಣ?” ಎಂದು ಸಭೆಯಲ್ಲಿ ಪ್ರಶ್ನೆ ಬಂತು. “ಯಕ್ಷಗಾನದ ವೇಷ ಒಂದು ಬರೆಸಿದ್ರಾಯ್ತು” ಎಂದರು ಯಾರೋ. ಎಲ್ಲರೂ ಕೈ ಎತ್ತಿದೆವು. ಚಹಾ ಬಂತು. ಸಭೆ ಮುಗಿಯಿತು.

ಅಂದು ಮನೆಗೆ ಹೋಗುವಾಗ ಲೋಕಲ್ ಗಾಡಿಯಲ್ಲಿ ನಿಂತವನಿಗೆ ನನ್ನ ಹಳೆಯ ಶಾಲೆಯ ಗೋಡೆ ನೆನಪಾಯಿತು. ನಾನು ಏಳನೆಯವರೆಗೆ ಓದಿದ್ದು ಈ ಮುಂಬಯಿಯಲ್ಲೇ, ಕನ್ನಡ ಮಾಧ್ಯಮದಲ್ಲಿ. ಒಂದೇ ಕಟ್ಟಡದಲ್ಲಿ ಕೆಳಗೆ ಮರಾಠಿ, ಮೇಲೆ ಹಿಂದಿ, ಅದಕ್ಕೂ ಮೇಲೆ ನಾವು. ಆರನೆಯ ತರಗತಿಯಲ್ಲಿದ್ದಾಗ ನಮ್ಮ ಡ್ರಾಯಿಂಗ್ ಮಾಸ್ತರು ಮೂರನೆಯ ಮಾಳಿಗೆಗೆ ಹತ್ತುವ ಮೆಟ್ಟಿಲಿನ ಗೋಡೆಯನ್ನು ನಮಗೆ ಬಿಟ್ಟುಕೊಟ್ಟರು. “ಪುಸ್ತಕದಲ್ಲಿರೋದು ಬೇಡ, ಮನೆಯಲ್ಲಿ ನೋಡಿದ್ದನ್ನ ಬರೀರಿ” ಎಂದರು. ಒಬ್ಬಳು ಹಪ್ಪಳ ಲಟ್ಟಿಸುವ ತನ್ನ ಅಮ್ಮನನ್ನು ಬರೆದಳು. ಕಲಬುರ್ಗಿ ಕಡೆಯ ಹುಡುಗನೊಬ್ಬ ಕಟ್ಟಡದ ಕೆಲಸದಲ್ಲಿದ್ದ ತನ್ನ ಅಪ್ಪನ ತಲೆಯ ಮೇಲಿನ ಸಿಮೆಂಟಿನ ಬಾಂಡಲಿಯನ್ನು ಬರೆದ. ನಾನು ಬರೆದದ್ದು ನಮ್ಮ ಅಪ್ಪಯ್ಯನ ಹೋಟೆಲಿನ ಗಲ್ಲಾಪೆಟ್ಟಿಗೆ ಮತ್ತು ಪಕ್ಕದ ಸೋಂಪಿನ ಬಟ್ಟಲು. ಅಪ್ಪಯ್ಯನ ಕೈಗೆ ಆರು ಬೆರಳಾಗಿತ್ತು. ಮಾಸ್ತರು ತಿದ್ದಲಿಲ್ಲ. ಬಣ್ಣಕ್ಕೆ ತಲೆಗೆ ಹತ್ತು ರೂಪಾಯಿಯಂತೆ ಮನೆಯಿಂದ ತಂದಿದ್ದೆವು.

ಹತ್ತನೆಯ ತರಗತಿಯಲ್ಲಿದ್ದಾಗ ಯಾವುದೋ ದಾಖಲೆಗಾಗಿ ಆ ಶಾಲೆಗೆ ಹೋದೆ. ಮೆಟ್ಟಿಲಿನ ಗೋಡೆಯ ಮೇಲೆ ಎರಡು ಹಸಿರು ಮರ, ಒಂದು ನಗುವ ಸೂರ್ಯ, ಸ್ವಚ್ಛತೆಯ ಒಂದು ಘೋಷಣೆ. ಗುತ್ತಿಗೆದಾರನಿಗೆ ಚದರ ಅಡಿಯ ಲೆಕ್ಕದಲ್ಲಿ ಕೆಲಸ ಸಿಕ್ಕಿತ್ತು. ಕೆಳಗಿನಿಂದ ಮೇಲಿನವರೆಗೆ ಎಲ್ಲ ಗೋಡೆಗಳಿಗೂ ಅದೇ ಮರ, ಅದೇ ಸೂರ್ಯ. ಮಾಸ್ತರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಹಳೆಯ ಸಿಪಾಯಿ ನನ್ನನ್ನು ಗುರುತು ಹಿಡಿದು, “ನನ್ನ ಹತ್ರ ಯಾರೂ ಕೇಳ್ಲಿಲ್ಲ ಮಗಾ” ಎಂದರು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಅಂದು ನನಗೆ ತಿಳಿಯಲಿಲ್ಲ. ಗುತ್ತಿಗೆದಾರ ತನ್ನ ಕೆಲಸ ಮಾಡಿದ್ದ. ಆ ಗೋಡೆಯ ಮೇಲಿದ್ದದ್ದು ಯಾರ ಲೆಕ್ಕದ ಪುಸ್ತಕದಲ್ಲೂ ಇರಲಿಲ್ಲ, ಅಷ್ಟೆ. ಲೆಕ್ಕದಲ್ಲಿ ಇಲ್ಲದ ವಸ್ತು ಕಳೆದುಹೋದರೆ ದೂರು ಕೊಡುವುದು ಹೇಗೆ?

ಇದು ಮಕ್ಕಳ ಕೈಗೆಲಸ, ಹೋಗಲಿ ಬಿಡಿ ಎನ್ನುವವರಿಗೆ ದೆಹಲಿಯ ವಿಜ್ಞಾನ ಭವನದ ಕಥೆ ಹೇಳಬೇಕು. ೧೯೫೭ರಲ್ಲಿ ಸರ್ಕಾರವೇ ಶಿಲ್ಪಿ ಅಮರನಾಥ ಸೆಹಗಲ್ ಅವರಿಗೆ ಆ ಭವನಕ್ಕೊಂದು ಕಂಚಿನ ಭಿತ್ತಿಶಿಲ್ಪ ಮಾಡಿಕೊಡಲು ಒಪ್ಪಿಸಿತು. ೧೪೦ ಅಡಿ ಉದ್ದ, ೪೦ ಅಡಿ ಎತ್ತರ. ಐದು ವರ್ಷ ದುಡಿದು ೧೯೬೨ರಲ್ಲಿ ಮುಗಿಸಿಕೊಟ್ಟರು. ೧೯೭೯ರಲ್ಲಿ ಭವನದ ದುರಸ್ತಿಯ ಸಮಯದಲ್ಲಿ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು. ಮಾಡಿದವರಿಗೆ ಒಂದು ಮಾತು ತಿಳಿಸಲಿಲ್ಲ. ತುಂಡುಗಳು ಹಾಳಾದವು, ಕೆಲವು ಕಳೆದೇಹೋದವು. ೧೯೯೨ರಲ್ಲಿ ಸೆಹಗಲ್ ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ತೀರ್ಪು ಬಂದದ್ದು ೨೦೦೫ರಲ್ಲಿ. ಉಳಿದ ತುಂಡುಗಳನ್ನು ಶಿಲ್ಪಿಗೆ ಹಿಂದಿರುಗಿಸಬೇಕು, ಜೊತೆಗೆ ೫ ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದಿತು ನ್ಯಾಯಾಲಯ. ನಮ್ಮ ಕೃತಿಸ್ವಾಮ್ಯ ಕಾಯಿದೆಯ ೫೭ನೆಯ ಕಲಮಿನ ಪ್ರಕಾರ, ಕೃತಿಯನ್ನು ಮಾರಿದ ಮೇಲೂ ಅದನ್ನು ಹಾಳುಗೆಡವಿದರೆ ಕೇಳುವ ಹಕ್ಕು ಮಾಡಿದವನಿಗೆ ಉಳಿದಿರುತ್ತದೆ. ಕಿತ್ತ ದಿನದಿಂದ ತೀರ್ಪಿನ ದಿನಕ್ಕೆ ಇಪ್ಪತ್ತಾರು ವರ್ಷ; ನನ್ನ ವಯಸ್ಸಿಗಿಂತ ಆರು ಹೆಚ್ಚು.

ಇಲ್ಲಿ ತಪ್ಪಿದ್ದು ಎಲ್ಲಿ? ಮಾಡಿಸುವಾಗ ಸರ್ಕಾರಕ್ಕೆ ಕಲೆಯ ಮೇಲೆ ಪ್ರೀತಿ ಇತ್ತು, ಹಣವೂ ಇತ್ತು. ಆಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಯಂತ್ರ ಕೊಂಡರೆ ಅದರ ಸವಕಳಿಯನ್ನು ವರ್ಷ ವರ್ಷವೂ ಬರೆಯಬೇಕು, ರಿಪೇರಿಗೆ ತೆಗೆದಿಡಬೇಕು ಎಂದು ನಮಗೆ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಗೋಡೆಯ ಚಿತ್ರಕ್ಕೆ ಮಾತ್ರ ಉದ್ಘಾಟನೆಯ ದಿನವೇ ಲೆಕ್ಕ ಮುಗಿಯುತ್ತದೆ. ರಿಬ್ಬನ್ ಕತ್ತರಿಸಿದರು, ಫೋಟೋ ತೆಗೆದರು, ಹೋದರು.

ಚೆನ್ನಾಗಿ ನಡೆದದ್ದೂ ಉಂಟು. ವಾಣಿಜ್ಯದವರಾದ ನಾವು ದಿನವೂ ಹೆಸರು ಹೇಳುವ ರಿಸರ್ವ್ ಬ್ಯಾಂಕಿನದೇ ಉದಾಹರಣೆ ನೋಡಿ. ದೊಡ್ಡ ಸಾರ್ವಜನಿಕ ಕಟ್ಟಡಗಳನ್ನು ಕಟ್ಟುವಾಗ ನಮ್ಮ ಕಲಾವಿದರಿಗೂ ಕೆಲಸ ಸಿಗಬೇಕೆಂಬುದು ನೆಹರೂ ಅವರ ಆಸೆಯಾಗಿತ್ತು. ಬ್ಯಾಂಕಿನ ದೆಹಲಿ ಕಚೇರಿಯ ಬಾಗಿಲಿಗೆ ಶಿಲ್ಪ ಮಾಡಿಸುವ ಮುಂಚೆ ಅವರು ಸಮಿತಿ ಮಾಡಿದರು, ಕಲಾವಿದರಿಂದ ಮಾದರಿ ತರಿಸಿದರು, ಶಾಂತಿನಿಕೇತನದ ರಾಮಕಿಂಕರ ಬೈಜ್ ಅವರನ್ನು ಆರಿಸಿದರು. ಅವರು ಕಾಂಗಡಾ ಕಡೆಯ ಕಲ್ಲು ಹುಡುಕಿ, ಕೈಯಲ್ಲಿ ಹಣದ ಚೀಲ ಮತ್ತು ಯಂತ್ರದ ಹಲ್ಲುಚಕ್ರ ಹಿಡಿದ ಯಕ್ಷನನ್ನೂ, ಬೆಳೆಯ ಸಂಕೇತವಾದ ಯಕ್ಷಿಯನ್ನೂ ಕಡೆದರು. ಮುಗಿಯಲು ಸುಮಾರು ಹತ್ತು ವರ್ಷ ಹಿಡಿಯಿತು. ಖರ್ಚು ಏರಿತು, ಯಕ್ಷಿಗೆ ಬಟ್ಟೆ ಇಲ್ಲವೆಂದು ಸಂಸತ್ತಿನಲ್ಲಿ ಪ್ರಶ್ನೆಯೂ ಎದ್ದಿತು. ಆದರೂ ಬ್ಯಾಂಕು ಕೈ ಬಿಡಲಿಲ್ಲ. ಇಂದಿಗೂ ಆ ಇಬ್ಬರು ಬಾಗಿಲ ಎರಡೂ ಕಡೆ ನಿಂತಿದ್ದಾರೆ.

ನಮ್ಮ ಕೊಲಾಬಾದಲ್ಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಇದೆಯಲ್ಲ, ಅಲ್ಲಿ ಹೋಮಿ ಭಾಭಾ ಅವರು ನೆಹರೂ ಅವರ ಒಪ್ಪಿಗೆ ಪಡೆದು ಸಂಸ್ಥೆಯ ಹಣದಲ್ಲಿ ನೂರಕ್ಕೆ ಒಂದು ಪಾಲನ್ನು ಕಲೆಗೆಂದು ತೆಗೆದಿಟ್ಟರು. ಅಲ್ಲಿಯ ಗೋಡೆಗೆ ಎಂ. ಎಫ್. ಹುಸೇನ್ ದೊಡ್ಡ ಭಿತ್ತಿಚಿತ್ರ ಬರೆದರು. ಉಡುಪಿಯ ಕಡೆ ಕಟ್ಟಿಂಗೇರಿಯಲ್ಲಿ ಹುಟ್ಟಿ ಈ ಊರಿನಲ್ಲೇ ಬಾಳಿದ ನಮ್ಮ ಕೆ. ಕೆ. ಹೆಬ್ಬಾರರ ಚಿತ್ರಗಳೂ ಆ ಸಂಗ್ರಹದಲ್ಲಿ ಸೇರಿವೆ. ನೂರಕ್ಕೆ ಒಂದು ಎಂಬ ಈ ಲೆಕ್ಕ ಬೇರೆ ದೇಶಗಳಲ್ಲಿ ಕಾಯಿದೆಯೇ ಆಗಿದೆ: ಫ್ರಾನ್ಸಿನಲ್ಲಿ ೧೯೫೧ರಿಂದ ಶಾಲಾ ಕಟ್ಟಡಗಳಿಗೆ, ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ೧೯೫೯ರಿಂದ. ಹತ್ತು ಕೋಟಿಯ ಕಟ್ಟಡವಾದರೆ ಕಲೆಗೆ ಹತ್ತು ಲಕ್ಷ. ಲಿಫ್ಟಿಗೂ ಗ್ರಾನೈಟಿಗೂ ಸುರಿಯುವುದರ ಮುಂದೆ ಇದು ಏನೂ ಅಲ್ಲ.

ಹಾಗಾದರೆ ಹಣ ತೆಗೆದಿಟ್ಟು, ದೊಡ್ಡ ಕಲಾವಿದರನ್ನು ಕರೆದರೆ ಎಲ್ಲ ಸರಿಹೋಗುತ್ತದೆಯೆ? ಇಲ್ಲ. ನ್ಯೂಯಾರ್ಕಿನಲ್ಲಿ ೧೯೮೧ರಲ್ಲಿ ಸರ್ಕಾರಿ ಕಚೇರಿಯ ಮುಂದಿನ ಅಂಗಳದಲ್ಲಿ ರಿಚರ್ಡ್ ಸೆರಾ ಎಂಬ ಹೆಸರಾಂತ ಶಿಲ್ಪಿಯಿಂದ ೧೨೦ ಅಡಿ ಉದ್ದ, ೧೨ ಅಡಿ ಎತ್ತರದ ಬಾಗಿದ ಉಕ್ಕಿನ ಗೋಡೆಯೊಂದನ್ನು ಮಾಡಿಸಿ ನಿಲ್ಲಿಸಿದರು. ಹಣ ಕೊಟ್ಟದ್ದು ಸರ್ಕಾರ. ದಿನವೂ ಆ ಅಂಗಳ ದಾಟಿ ಕೆಲಸಕ್ಕೆ ಹೋಗುವ ಗುಮಾಸ್ತರು ಸುತ್ತು ಬಳಸಿ ಹೋಗಬೇಕಾಯಿತು. ತೆಗೆಯಿರಿ ಎಂದು ಅರ್ಜಿ ಹಾಕಿದರು. ೧೯೮೫ರಲ್ಲಿ ಬಹಿರಂಗ ವಿಚಾರಣೆ ನಡೆದಾಗ ಇರಲಿ ಎಂದವರು ೧೨೨ ಜನ, ಬೇಡ ಎಂದವರು ೫೮ ಜನ. ಆದರೂ ೧೯೮೯ರಲ್ಲಿ ಅದನ್ನು ಕತ್ತರಿಸಿ ಸಾಗಿಸಿದರು. ಆ ಜಾಗಕ್ಕೆಂದೇ ಮಾಡಿದ್ದು, ಬೇರೆಡೆ ಇಟ್ಟರೆ ಅದು ನನ್ನ ಕೃತಿಯೇ ಅಲ್ಲ ಎಂದು ಶಿಲ್ಪಿ ಹೇಳಿದ್ದರು. ನನಗೆ ಇಲ್ಲಿ ಶಿಲ್ಪಿಯ ಮೇಲೂ ಮರುಕ, ಗುಮಾಸ್ತರ ಮೇಲೂ ಮರುಕ. ಎಲ್ಲರನ್ನೂ ಕೂರಿಸಿ ಮಾತಾಡಿದ್ದು ನಾಲ್ಕು ವರ್ಷ ಕಳೆದ ಮೇಲೆ. ಆ ಮಾತು ಉಕ್ಕು ಎರಕ ಹೊಯ್ಯುವ ಮುಂಚೆ ಆಗಬೇಕಿತ್ತು.

ದಾರಿಯಲ್ಲಿ ನಡೆಯುವ ಜನಕ್ಕೆ ಕಲೆಯ ವಿಷಯದಲ್ಲಿ ಏನು ತಿಳಿಯುತ್ತೆ ಎಂದು ಕೇಳುವವರು ಕಾಲಾ ಘೋಡಾ ಕಡೆ ಒಮ್ಮೆ ಹೋಗಿ ಬರಲಿ. ಅಲ್ಲಿ ಇದ್ದದ್ದು ಕುದುರೆಯ ಮೇಲೆ ಕೂತ ಇಂಗ್ಲೆಂಡಿನ ರಾಜಕುಮಾರನ ವಿಗ್ರಹ, ೧೮೭೯ರದು. ಮಾಡಿಸಿದವರಿಗೆ ರಾಜಕುಮಾರ ಮುಖ್ಯ. ಊರಿನ ಜನ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕುದುರೆಯ ಹೆಸರನ್ನು ಜಾಗಕ್ಕೆ ಇಟ್ಟರು. ೧೯೬೫ರಲ್ಲಿ ವಿಗ್ರಹವನ್ನು ಭಾಯಖಳಾದ ರಾಣಿಬಾಗಿಗೆ ಸಾಗಿಸಿದರು. ಹೆಸರು ಮಾತ್ರ ಉಳಿಯಿತು. ೨೦೧೭ರಲ್ಲಿ ಅಲ್ಲಿ ಹೊಸ ಕುದುರೆ ನಿಲ್ಲಿಸಿದಾಗ ಸವಾರನೇ ಇಲ್ಲ! ಜನ ಕೊಟ್ಟ ಹೆಸರಿಗೆ ವಿಗ್ರಹವೇ ಒಪ್ಪಿಕೊಂಡಂತಾಯಿತು.

ಈಗ ನಮ್ಮ ಹತ್ತು ಅಡಿಗೆ ಬರುತ್ತೇನೆ. ಆ ಗೋಡೆಗೆ ಬೆನ್ನು ಕೊಟ್ಟು ಚಪ್ಪಲಿ ಹೊಲಿಯುವ ಕಾಕಾ ಒಬ್ಬರಿದ್ದಾರೆ. ಆಚೆಗೆ ವಡಾಪಾವ್ ಗಾಡಿ. ಬೆಳಿಗ್ಗೆ ಬಸ್ಸಿಗೆ ಕಾಯುವವರು ನೂರಾರು ಜನ. ಚಿತ್ರ ಬರೆದ ಮೇಲೆ “ಇಲ್ಲಿ ಕೂರಬೇಡ, ಬಣ್ಣ ಹಾಳಾಗುತ್ತೆ” ಎಂದು ಕಾಕಾನನ್ನು ಎಬ್ಬಿಸುವುದಿಲ್ಲ ಎಂದು ನಮ್ಮಲ್ಲಿ ಯಾರು ಮಾತು ಕೊಟ್ಟಿದ್ದೇವೆ? ಇನ್ನು ಗೋಡೆಯ ಸ್ಥಿತಿ. ಮಳೆಗಾಲದ ನಾಲ್ಕು ತಿಂಗಳು ಅದು ನೀರು ಕುಡಿದು ಉಬ್ಬುತ್ತದೆ. ಗಿಲಾವು ಸರಿಮಾಡದೆ ಬಣ್ಣ ಬಳಿದರೆ ಎರಡನೆಯ ಮಳೆಗೆ ಯಕ್ಷಗಾನದ ವೇಷದ ಕಣ್ಣು ಒಂದು ಕಡೆ, ಮೂಗು ಒಂದು ಕಡೆ ಉದುರುತ್ತದೆ. ಅದನ್ನು ನೋಡಿ ನಗುವವರು ಬಣ್ಣದ ಕಂಪನಿಯನ್ನು ನೋಡಿ ನಗುವುದಿಲ್ಲ, ನಮ್ಮನ್ನು ನೋಡಿ ನಗುತ್ತಾರೆ.

ಯಕ್ಷಗಾನದ ಮೇಲೆ ನನಗೆ ಅಸಡ್ಡೆ ಇಲ್ಲ. ಅಪ್ಪಯ್ಯನ ಜೊತೆ ಎಷ್ಟೋ ಆಟ ನೋಡಿ, ಬೆಳಗಿನ ಜಾವ ಅವರ ಹೆಗಲ ಮೇಲೆ ನಿದ್ದೆ ಹೋದವನು ನಾನು. ಆದರೆ ಈ ಊರಿನ ಕನ್ನಡವೆಂದರೆ ಅದೊಂದೇ ಏನು? ಹಗಲು ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಓದಿದವರ ಕನ್ನಡ ಇದೆ. ಸಿಮೆಂಟು ಹೊತ್ತವರ ಕನ್ನಡ ಇದೆ. ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಾ ಬಂದ ನಮ್ಮ ಮೂರನೆಯ ಮಾಳಿಗೆಯ ತರಗತಿಗಳ ಕನ್ನಡವೂ ಇದೆ. ಐದು ನಿಮಿಷದಲ್ಲಿ ಕೈ ಎತ್ತಿದರೆ ನೆನಪಾಗುವುದು ಕ್ಯಾಲೆಂಡರಿನ ಚಿತ್ರವೇ. ಒಂದು ವಾರ ಯೋಚಿಸಿದರೆ ಬೇರೆ ಏನಾದರೂ ಸಿಕ್ಕೀತು.

“ಒಂದು ಕಾಂಪೌಂಡ್ ಗೋಡೆಗೆ ಇಷ್ಟೆಲ್ಲ ಬೇಕಾ ಮಾರಾಯ? ಎಲ್ಲರನ್ನೂ ಕೇಳ್ತಾ ಕೂತ್ರೆ ಗೋಡೆ ಖಾಲಿಯೇ ಉಳಿಯುತ್ತೆ” ಎಂದ ನನ್ನ ಗೆಳೆಯ, ಈ ಬರಹದ ಕರಡು ಓದಿ. ಅವನ ಮಾತಿನಲ್ಲೂ ಹುರುಳಿದೆ. ಮತ ಹಾಕಿಸಿದ್ದರೆ ರಿಸರ್ವ್ ಬ್ಯಾಂಕಿನ ಯಕ್ಷಿ ಎದ್ದು ನಿಲ್ಲುತ್ತಿರಲಿಲ್ಲ. ಕೇಳುವುದೆಂದರೆ ಮತ ಹಾಕಿಸುವುದಲ್ಲ. ಏನು ಬರೆಯಬೇಕು, ಹೇಗೆ ಬರೆಯಬೇಕು ಎಂಬುದು ಬರೆಯುವವರ ಕೆಲಸ. ಅದರಲ್ಲಿ ಕಾಕಾ ಆಗಲಿ ಕಾರ್ಯದರ್ಶಿ ಆಗಲಿ ಕೈ ಹಾಕಬಾರದು. ಆದರೆ ಆ ಗೋಡೆಯ ಜೊತೆ ದಿನವೂ ಬದುಕುವವರ ಮಾತನ್ನು ಬರೆಯುವವರು ಮೊದಲು ಕೇಳಿಸಿಕೊಳ್ಳಲಿ ಎಂದಷ್ಟೇ ನಾನು ಹೇಳುವುದು.

ಆದ್ದರಿಂದ ಮುಂದಿನ ಸಭೆಗೆ ನನ್ನ ಮೂರು ಸೂಚನೆಗಳಿವೆ. ಒಂದು: ಬಿಟ್ಟಿ ಬಣ್ಣ ಬೇಡ. ನಾವೇ ವಂತಿಗೆ ಹಾಕೋಣ, ಮೂಲೆಯಲ್ಲಿ ಬರೆದವರ ಹೆಸರಿರಲಿ, ಅವರಿಗೆ ಸಂಭಾವನೆ ಕೊಡೋಣ. ಎರಡು: ಬರೆಯುವವರು ಒಂದು ವಾರ ಆ ಬಸ್‌ಸ್ಟಾಪಿನಲ್ಲಿ ನಿಲ್ಲಲಿ, ಕಾಕಾನ ಜಾಗ ಕಾಕಾನಿಗೇ ಇರಲಿ. ಮೂರು: ಕೂಡಿದ ಹಣದಲ್ಲಿ ನಾಲ್ಕನೆಯ ಒಂದು ಪಾಲನ್ನು ಗಿಲಾವಿಗೂ ಮುಂದಿನ ವರ್ಷಗಳ ರಿಪೇರಿಗೂ ಎತ್ತಿಡೋಣ, ಸಂಘದ ಪುಸ್ತಕದಲ್ಲಿ ಅದಕ್ಕೊಂದು ಬೇರೆ ಖಾತೆ ತೆರೆಯೋಣ. ಆ ಖಾತೆ ಬರೆಯುವ ಕೆಲಸ ನನಗಿರಲಿ. ಚಿತ್ರ ಬಾರದವನು ಅಷ್ಟಾದರೂ ಮಾಡಬಹುದು.

ಇದಕ್ಕೆಲ್ಲ ಸಮಯ ಸಾಲದು, ಉತ್ಸವ ಹತ್ತಿರ ಬಂತು ಎನ್ನುವಿರಾದರೆ ನಮ್ಮ ಹತ್ತು ಅಡಿ ಈ ವರ್ಷ ಖಾಲಿ ಇರಲಿ. ಬೇರೆಯವರ ಚಿತ್ರಗಳ ನಡುವೆ ಖಾಲಿ ಬಿಟ್ಟರೆ ಅವಮಾನ ಎಂದು ನನಗೆ ಅನ್ನಿಸುವುದಿಲ್ಲ. ನಿಮಗೆ ಹಾಗನ್ನಿಸಿದರೆ ಮುಂದಿನ ಸಂಚಿಕೆಗೆ ಬರೆಯಿರಿ, ಇಲ್ಲವೆ ಸಭೆಗೆ ಬಂದು ಜಗಳ ಆಡಿ. ಚಹಾ ಬರುವ ಮುಂಚೆ ಮಾತ್ರ ಕೈ ಎತ್ತಬೇಡಿ.